ಸಾಫ್ಟನರ್ ಹಾಕಿಸಿ ನಾಲ್ಕು ದಿನ ಆಯ್ತು, ನೀರು ಹಾಗೇ ಇದೆ, ನಲ್ಲಿಯಲ್ಲಿ ಹಳದಿ ಕಾಳು ಬೇರೆ

ಒದ್ದೆಕೈ:
ಎಲ್ಲರಿಗೂ ನಮಸ್ಕಾರ. ನಮ್ಮದು ಬೋರ್ ನೀರು, ಟೆಸ್ಟ್ ಮಾಡಿಸಿದಾಗ ಗಡಸುತನ 400 ಪಿಪಿಎಂ ಬಂತು. ಬಕೆಟ್ ತುಂಬಾ ಬಿಳಿ ಕಲೆ, ಗೀಸರ್ ಕಾಯಿಲ್ ಎರಡು ಸಲ ಹೋಯ್ತು. ಸಾಕಾಗಿ 25 ಲೀಟರ್ ರೆಸಿನ್ ಇರುವ ಆಟೋಮ್ಯಾಟಿಕ್ ಸಾಫ್ಟನರ್ (ಗಡಸುತನ ತೆಗೆಯುವ ಮಷಿನ್) ತಂದೆ. ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಮಧ್ಯದಲ್ಲಿ ಪ್ಲಂಬರ್ ಕೂರಿಸಿಕೊಟ್ಟರು, ಮಷಿನ್ ಬಿಟ್ಟು ನೀರು ಸೀದಾ ಮನೆಗೆ ಹೋಗುವ ಬೈಪಾಸ್ ಕೂಡ ಇದೆ. ಟ್ಯಾಂಕಿನ ತಳ ಮಷಿನ್‌ಗಿಂತ ಸುಮಾರು 4 ಮೀಟರ್ ಮೇಲಿದೆ.

ಈಗ ಸಮಸ್ಯೆ ಏನಂದರೆ ಸೋಪು ನೊರೆಯೇ ಬರುತ್ತಿಲ್ಲ, ಮುಂಚಿನ ಹಾಗೇ ಒಡೆದು ನಿಲ್ಲುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಮೀಟರ್ ಇಟ್ಟು ನೋಡಿದೆ, ಮೊದಲು 720, ಈಗ 730. ಅಂದರೆ ಕೆಡಿಸಿದ್ದೇ ಬಂತು ಅಲ್ವಾ? ನಿನ್ನೆಯಿಂದ ಅಡುಗೆಮನೆ ನಲ್ಲಿ ಸಣ್ಣಗೆ ಬರುತ್ತಿದೆ, ತುದಿಯ ಜಾಲರಿ ಬಿಚ್ಚಿ ನೋಡಿದರೆ ಸಾಸಿವೆಗಿಂತ ಸಣ್ಣ ಹಳದಿ ಗುಂಡು ಕಾಳುಗಳು, ಬೆರಳಲ್ಲಿ ಒತ್ತಿದರೆ ಜಾರುತ್ತವೆ. ಇದೇನು, ಮಷಿನ್ನೇ ಕೆಟ್ಟದ್ದು ಬಂತಾ? ವಾಪಸ್ ಕೊಡಲಾ?

ತಿರುಪುಮೊಳೆ:
ವಾಪಸ್ ಕೊಡುವ ಮೊದಲು ಸ್ವಲ್ಪ ತಾಳಿ ಸರ್. ಆ ಕಾಳು ನಿಮ್ಮ ರೆಸಿನ್, ಗಡಸುತನ ಹಿಡಿದುಕೊಳ್ಳುವುದೇ ಅದು. ದುಡ್ಡು ಕೊಟ್ಟು ತಂದ ಮಾಲೇ ನಲ್ಲಿಯಲ್ಲಿ ಹೊರಗೆ ಬರುತ್ತಿದೆ.

ಮೊದಲು ಟಿಡಿಎಸ್ ಮೀಟರನ್ನು ಪಕ್ಕಕ್ಕಿಡಿ. ಸಾಫ್ಟನರ್ ಟಿಡಿಎಸ್ ಇಳಿಸುವುದೇ ಇಲ್ಲ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ, ಅಷ್ಟೇ. 40 ಗ್ರಾಂ ಕ್ಯಾಲ್ಸಿಯಂ ಹೋದ ಜಾಗಕ್ಕೆ 46 ಗ್ರಾಂ ಸೋಡಿಯಂ ಬಂದು ಕೂರುತ್ತದೆ, ಹಾಗಾಗಿ ಸರಿಯಾಗಿ ಕೆಲಸ ಮಾಡುತ್ತಿದ್ದರೂ ನಿಮ್ಮ ಮೀಟರ್ ಕಡಿಮೆ ತೋರಿಸುವುದಿಲ್ಲ. ಗಡಸುತನ ನೋಡಬೇಕಾದರೆ ಹನಿ ಹಾಕಿ ಎಣಿಸುವ ಹಾರ್ಡ್‌ನೆಸ್ ಕಿಟ್ ತನ್ನಿ. ಗಡಸು ನೀರು ಕೆಂಪಾಗುತ್ತದೆ, ಹನಿ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ನೀಲಿಗೆ ತಿರುಗುತ್ತದೆ. ಮೆದು ನೀರಾದರೆ ಮೊದಲೇ ನೀಲಿ.

ಇನ್ನು ರೆಸಿನ್ ಯಾಕೆ ಬಂತು ಅಂದರೆ, ನನ್ನ ಅನುಮಾನ ಇನ್‌ಲೆಟ್ ಔಟ್‌ಲೆಟ್ ಅದಲುಬದಲಾಗಿದೆ. ನೀರು ಮೇಲಿಂದ ರೆಸಿನ್ ಮೂಲಕ ಕೆಳಗಿಳಿದು, ಮಧ್ಯದ ಕೊಳವೆಯಲ್ಲಿ ಮೇಲೆ ಬಂದು ಮನೆಗೆ ಹೋಗಬೇಕು. ಆ ಕೊಳವೆಯ ತಳದಲ್ಲಿ ಜಾಲರಿ ಇರುತ್ತದೆ, ಕಾಳು ಅಲ್ಲೇ ನಿಲ್ಲುತ್ತದೆ. ತಿರುಗಾಮುರುಗಾ ಜೋಡಿಸಿದರೆ ನೀರು ಕೆಳಗಿಂದ ರೆಸಿನ್ನನ್ನು ಎತ್ತಿಕೊಂಡು ಮೇಲೆ ಬರುತ್ತದೆ, ಮೇಲೆ ಜಾಲರಿ ಇಲ್ಲದ ಮಷಿನ್ ಆದರೆ ಕಾಳು ಸೀದಾ ನಿಮ್ಮ ಪೈಪಿಗೆ. ವಾಲ್ವ್ ತಲೆಯ ಹಿಂಭಾಗದಲ್ಲಿ ಪ್ಲಾಸ್ಟಿಕ್ಕಿನಲ್ಲೇ ಮೂಡಿಸಿದ ಬಾಣದ ಗುರುತು ಇರುತ್ತದೆ. ಟಾರ್ಚ್ ಹಿಡಿದು ನೋಡಿ. ಅಲ್ಲಿಯವರೆಗೆ ಬೈಪಾಸ್ ತೆರೆದು ಮಷಿನ್‌ಗೆ ನೀರು ನಿಲ್ಲಿಸಿಬಿಡಿ.

ಒದ್ದೆಕೈ:
ಅಯ್ಯೋ! ಬಾಣ ಇದೆ, ಗೋಡೆ ಕಡೆಗೆ. ನನ್ನ ತಲೆ ಹೋಗುವಷ್ಟು ಸಂದಿ ಇಲ್ಲ, ಮೊಬೈಲ್ ತೂರಿಸಿ ಫೋಟೋ ತೆಗೆದೆ. ಟ್ಯಾಂಕಿನ ಪೈಪು ಬಂದು ಕೂತಿರುವುದು ಹೊರಗೆ ಹೋಗುವ ಬಾಣದ ಮೇಲೆ. ಪ್ಲಂಬರ್ ಎದುರು ನಿಂತು ನೋಡಿ ಬಲಗಡೆ ಇನ್‌ಲೆಟ್ ಅಂದುಕೊಂಡಿದ್ದರು, ಹಿಂದಿನಿಂದ ನೋಡಿದರೆ ಬಲ ಎಡ ಆಗುತ್ತದಲ್ಲ. ನಾನೂ ಪಕ್ಕದಲ್ಲೇ ನಿಂತಿದ್ದೆ, ಸುಮ್ನೆ ತಲೆ ಆಡಿಸಿದ್ದೆ. ಈಗ ಹೇಗೆ ಬದಲಾಯಿಸುವುದು? ಸಿಪಿವಿಸಿ ಪೈಪು, ಎಲ್ಲಾ ಅಂಟು ಹಾಕಿ ಕೂರಿಸಿದ್ದಾರೆ.

ಹಳೇಪೈಪು:
ಕತ್ತರಿಸಲೇಬೇಕು, ಬೇರೆ ದಾರಿ ಇಲ್ಲ. ಎರಡು ಪೈಪುಗಳನ್ನು ಒಂದರ ಮೇಲೊಂದು ದಾಟಿಸಿ, ಎಲ್ಬೋ ಹಾಕಿ ಅದಲುಬದಲು ಮಾಡಿಸಿ. ಈ ಸಲ ಎರಡೂ ಕಡೆ ಯೂನಿಯನ್ ಹಾಕಿಸಿ, ಮುಂದೆ ಯಾವತ್ತಾದರೂ ತೆಗೆಯಬೇಕಾದರೆ ಬಿಚ್ಚಿದರೆ ಸಾಕು. ಅಂಟು ಒಣಗುವ ಮೊದಲು ನೀರು ಬಿಡಬೇಡಿ, ಡಬ್ಬಿ ಮೇಲೆ ಎಷ್ಟು ಹೊತ್ತು ಅಂತ ಬರೆದಿರುತ್ತದೆ. ಚೂಡಿ (ತಿರುಪಿನ ಗೆರೆ) ಇರುವ ಪ್ಲಾಸ್ಟಿಕ್ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತಿ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪ ಮಾತ್ರ. ಜೋರು ತೋರಿಸಿದರೆ ವಾಲ್ವ್ ತಲೆ ಬಿರುಕು ಬಿಡುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಆದರೆ ನನಗೆ ಅದಕ್ಕಿಂತ ಜಾಸ್ತಿ ಚಿಂತೆ ನಿಮ್ಮ 4 ಮೀಟರ್. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ನಿಮಗೆ ಸಿಗುವುದು 0.4. ಆಟೋಮ್ಯಾಟಿಕ್ ವಾಲ್ವ್‌ಗಳು ಸಾಮಾನ್ಯವಾಗಿ 1.5 ಬಾರ್ ಆದರೂ ಕೇಳುತ್ತವೆ. ನೀರು ಹರಿಯುವುದಕ್ಕೆ 0.4 ನಡೆದೀತು, ಆದರೆ ಹಿಡಿದುಕೊಂಡ ಕ್ಯಾಲ್ಸಿಯಂ ಬಿಡಿಸಲು ರೆಸಿನ್ ತೊಳೆಯುವಾಗ (ಇದೇ ರೀಜನರೇಶನ್) ಉಪ್ಪಿನ ಡ್ರಮ್ಮಿನಿಂದ ಉಪ್ಪುನೀರನ್ನು ಎಳೆಯಲು ಆ ಒತ್ತಡ ಸಾಲದು. ಡ್ರಮ್ಮಿನಲ್ಲಿ ಉಪ್ಪು ಹಾಗೇ ಇರುತ್ತದೆ, ನೀವು ಮಷಿನ್ ಬೈಯುತ್ತೀರಿ. ಟ್ಯಾಂಕಿಗೂ ಸಾಫ್ಟನರ್‌ಗೂ ನಡುವೆ ಪ್ರೆಶರ್ ಪಂಪ್ ಹಾಕಿ, ಪಂಪಿನ ನಂತರ ಒಂದು ಸೆಡಿಮೆಂಟ್ ಫಿಲ್ಟರ್, ಆಮೇಲೆ ಸಾಫ್ಟನರ್.

ಗಿಡಕ್ಕೆ ಹೋಗುವ ನಲ್ಲಿಯನ್ನು ಸಾಫ್ಟನರ್‌ಗಿಂತ ಮೊದಲೇ ಟೀ (T ಆಕಾರದ ಪೈಪ್ ಜೋಡಣೆ) ಹಾಕಿ ಬೇರೆ ಮಾಡಿ, ಸೋಡಿಯಂ ನೀರು ಮಣ್ಣಿಗೆ ಒಳ್ಳೆಯದಲ್ಲ. ಗೀಸರ್‌ಗೆ ಹೋಗುವ ಪೈಪಿನಲ್ಲಿ ಚೆಕ್ ವಾಲ್ವ್ ಇದೆಯಾ ನೋಡಿ. ಬಿಸಿನೀರು ಹಿಂದೆ ಬಂದರೆ ಪ್ಲಾಸ್ಟಿಕ್ ವಾಲ್ವ್ ಹಾಳು.

ನೀಲಿಹನಿ:
ಒಂದು ಮಾತು. ಡ್ರೈನ್ ಪೈಪನ್ನು ಮೋರಿಯೊಳಗೆ ತುರುಕಬೇಡಿ, ಮೇಲೆ ಒಂದೆರಡು ಇಂಚು ಗಾಳಿ ಬಿಟ್ಟು ನಿಲ್ಲಿಸಿ. ಇಲ್ಲದಿದ್ದರೆ ಕೊಳಕು ನೀರು ವಾಪಸ್ ಎಳೆದುಕೊಳ್ಳುತ್ತದೆ. ಕುಡಿಯುವ ನೀರಿಗೆ ಏನು ಮಾಡಿದ್ದೀರಿ? 400 ಪಿಪಿಎಂ ಗಡಸುತನ ತೆಗೆದರೆ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಮನೆಯಲ್ಲಿ ಬಿಪಿ ಇರುವವರು ಉಪ್ಪು ಕಡಿಮೆ ತಿನ್ನಬೇಕು ಅಂತಿದ್ದರೆ ಡಾಕ್ಟರನ್ನು ಕೇಳಿ, ಇಲ್ಲವೇ ಕುಡಿಯುವ ನೀರಿಗೆ ಆರ್‌ಒ ಇಡಿ.

ಒದ್ದೆಕೈ:
ಆರ್‌ಒ ಇದೆ, ಅಡುಗೆಮನೆ ನಲ್ಲಿಗೇ. ಅದಕ್ಕೂ ಕಾಳು ಹೋಗಿರಬಹುದಾ?

ತಿರುಪುಮೊಳೆ:
ಅದರ ಮೊದಲ ಫಿಲ್ಟರಿನಲ್ಲೇ ಸಿಕ್ಕಿಬಿದ್ದಿರುತ್ತದೆ, ಬಿಚ್ಚಿ ನೋಡಿ. ಮನೆಯ ಎಲ್ಲಾ ನಲ್ಲಿಗಳ ಜಾಲರಿ, ಶವರ್, ಫ್ಲಶ್ ಟ್ಯಾಂಕಿನ ವಾಲ್ವ್, ವಾಷಿಂಗ್ ಮಷಿನ್ ಪೈಪಿನ ಜಾಲರಿ ಎಲ್ಲಾ ಬಿಚ್ಚಿ ತೊಳೆಯಿರಿ. ಹೊಸದಾಗಿ ಜೋಡಿಸಿದ ಮೇಲೆ ಇನ್‌ಲೆಟ್ಟನ್ನು ಕಾಲು ಭಾಗ ಮಾತ್ರ ತಿರುಗಿಸಿ, ಗಾಳಿಯೆಲ್ಲಾ ಹೋಗಲಿ, ಆಮೇಲೆ ಪೂರ್ತಿ. ಕೈಯಾರೆ ಒಂದು ಸಲ ರೀಜನರೇಶನ್ ಕೊಡಿ. ಆಮೇಲೆ ರೆಸಿನ್ ಎಷ್ಟು ಉಳಿದಿದೆ ನೋಡಿ, ಜಾಸ್ತಿ ಹೋಗಿದ್ದರೆ ತುಂಬಿಸಬೇಕು.

ಒದ್ದೆಕೈ:
ಎರಡು ವಾರದ ನಂತರ ಬರೆಯುತ್ತಿದ್ದೇನೆ. ಅದೇ ಪ್ಲಂಬರ್ ಬಂದು, ಬಾಣದ ಫೋಟೋ ನೋಡಿ, ಏನೂ ಮಾತಾಡದೆ ಪೈಪು ಕತ್ತರಿಸಿ ಕೂರಿಸಿದರು. ಪಂಪೂ ಬಂತು. ಮೊದಲ ರೀಜನರೇಶನ್‌ನಲ್ಲಿ ಉಪ್ಪುನೀರು ಎಳೆಯುವಾಗ ಡ್ರಮ್ ಮುಚ್ಚಳ ತೆಗೆದು ನೀರು ಇಳಿಯುವುದನ್ನೇ ನೋಡುತ್ತಾ ಕೂತಿದ್ದೆ. ರೆಸಿನ್ 3 ಲೀಟರ್‌ನಷ್ಟು ಹೋಗಿತ್ತು, ತುಂಬಿಸಿದೆ. ಕಿಟ್ ತಂದೆ, ಟ್ಯಾಂಕ್ ನೀರಿಗೆ ಇಪ್ಪತ್ತು ಚಿಲ್ಲರೆ ಹನಿ, ಸ್ನಾನದಮನೆ ನೀರು ಮೊದಲೇ ನೀಲಿ. ಟಿಡಿಎಸ್ ಮೀಟರ್ ಮಾತ್ರ ಈಗಲೂ 730.

ಒಂದೇ ಗೊಂದಲ, ಸ್ನಾನ ಆದ ಮೇಲೆ ಎಷ್ಟು ನೀರು ಹಾಕಿಕೊಂಡರೂ ಸೋಪು ಹೋಗಿಲ್ಲ ಅನ್ನಿಸುತ್ತೆ, ಮೈ ಜಾರುತ್ತೆ.

ಹಳೇಪೈಪು:
ಸೋಪು ಹೋಗಿರುತ್ತೆ, ಮೆದು ನೀರು ಹಾಗೇ. ಮೊದಲು ಹಾಕುತ್ತಿದ್ದ ಸೋಪಿನ ಅರ್ಧ ಸಾಕು, ಬಟ್ಟೆಗೂ ಅಷ್ಟೇ.