ಬಡ್ಜಿ ಗಿಳಿ ಸೇಬಿನ ಬೀಜ ಕಡಿದಿದೆ, ಏನಾದ್ರೂ ಆಗುತ್ತಾ?

ಪ್ರಶ್ನೆ: ನನ್ನ ಹತ್ರ ಎರಡು ಬಡ್ಜಿ ಇವೆ. ನಿನ್ನೆ ಸಂಜೆ ಸೇಬಿನ ಹೋಳೊಂದನ್ನ ಪಂಜರದ ಸರಳಿಗೆ ಸಿಕ್ಕಿಸಿ ಹಾಗೇ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಹೋಳು ಕಂದುಗಟ್ಟಿ ಇರುವೆ ಮುತ್ತಿದೆ, ಒಂದು ಬೀಜ ಅರ್ಧ ಕಡಿದ ಹಾಗಿದೆ. ಹಸಿರು ಹಕ್ಕಿ ಎಂದಿನಂತೆ ಗಲಾಟೆ ಮಾಡ್ತಿದೆ. ನೀಲಿಯದರ ಹಿಕ್ಕೆ ಮಾತ್ರ ನೀರಾಗಿದೆ.

ಉತ್ತರ 1: ಹಣ್ಣು ತಿಂದ ಮೇಲೆ ಹಿಕ್ಕೆ ನೀರಾಗೋದು ಸಹಜ. ಆದ್ರೆ ಗರಿ ಉಬ್ಬಿಸ್ಕೊಂಡು ಮಂಕಾಗಿ ಕೂತ್ರೆ, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡಿದ್ರೆ ಕಾಯಬೇಡಿ, ತಕ್ಷಣ ಪಕ್ಷಿ ಡಾಕ್ಟರಿಗೆ ತೋರಿಸಿ. ಸೇಬಿನ ಬೀಜ ಜಜ್ಜಿದಾಗ ಸಯನೈಡ್ ಹುಟ್ಟುತ್ತೆ. ತಿರುಳು ಕೊಡಿ, ಬೀಜ ಬೇಡ.

ಉತ್ತರ 2: ನನಗೆ ಬೀಜಕ್ಕಿಂತ ಬೆಣ್ಣೆಹಣ್ಣಿನ ಭಯ. ಅದರಲ್ಲಿರೋ ಪರ್ಸಿನ್ ಅನ್ನೋ ವಿಷ ಹಕ್ಕಿಯ ಹೃದಯಕ್ಕೇ ಪೆಟ್ಟು ಕೊಡುತ್ತೆ, ಚೂರೂ ಬೇಡ. ಈರುಳ್ಳಿ, ಬೆಳ್ಳುಳ್ಳಿನೂ ದೂರ ಇಡಿ. ತೊಳೆದು ಕೊಟ್ಟ ಹಣ್ಣು ತರಕಾರಿ ಏನೇ ಇರ್ಲಿ, 2 ಗಂಟೆ ಆದ್ಮೇಲೆ ತೆಗೆದುಬಿಡಿ. ಸಿಹಿ ಹಣ್ಣಿಗಿಂತ ಸೊಪ್ಪು, ಕ್ಯಾರೆಟ್ ತುರಿನೇ ಜಾಸ್ತಿ ಇರ್ಲಿ. ನಮ್ಮ ಮಹಾರಾಯ ಕ್ಯಾರೆಟ್ ಮುಟ್ಟೋಕೆ ಮೂರು ವಾರ ತಗೊಂಡ. ನಾನು ಪಂಜರದೆದುರು ಕೂತು ಕಟಕಟ ತಿಂದು ತೋರಿಸ್ಬೇಕಾಯ್ತು!

ಪ್ರಶ್ನೆ ಕೇಳಿದವರು: ಮಧ್ಯಾಹ್ನಕ್ಕೆ ನೀಲಿ ಹಕ್ಕಿಯ ಹಿಕ್ಕೆ ಗಟ್ಟಿಯಾಯ್ತು, ಕಾಳೂ ತಿಂತಿದೆ. ಕ್ಯಾರೆಟ್ ತುರಿ ಇಟ್ಟೆ. ಎರಡೂ ಅದನ್ನ ಹಾವು ನೋಡಿದ ಹಾಗೆ ನೋಡ್ತಿವೆ.