100 ವಾಟ್ ಎಚ್‌ಎಫ್ (ಶಾರ್ಟ್‌ವೇವ್) ಹ್ಯಾಮ್ ರೇಡಿಯೋ ಸೆಟ್ಟಿಗೆ ಯಾವ ಪವರ್ ಸಪ್ಲೈ? ಎಸ್‌ಎಮ್‌ಪಿಎಸ್ ತಗೋಬೇಕೋ, ಹಳೆ ಲೀನಿಯರ್ ಇಟ್ಕೋಬೇಕೋ?

ನವನಗರ ಹುಡುಗ, ಬಾಗಲಕೋಟಿ:
ಎಲ್ಲಾರಿಗೂ ನಮಸ್ಕಾರ್ರಿ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಈಗ ಬಂದೈತಿ, ಸೆಕೆಂಡ್ ಹ್ಯಾಂಡ್ ಐಕಾಮ್ 7300 ಸೆಟ್ಟೂ ಸಿಕ್ಕೈತಿ, ಆದ್ರ ಅದಕ್ಕ ಬೇಕಾದ 13.8 ವೋಲ್ಟ್ ಡಿಸಿ ಸಪ್ಲೈ ಇಲ್ಲ. ಸಿಸಿಟಿವಿ, ಎಲ್‌ಇಡಿ ಅಂಗಡ್ಯಾಗ ಸಿಗೂ ತಗಡಿನ ಡಬ್ಬಿ 12 ವೋಲ್ಟ್ 30 ಆಂಪಿಯರ್ ಎಸ್‌ಎಮ್‌ಪಿಎಸ್ (ಭಾಳ ವೇಗದಾಗ ಸ್ವಿಚ್ ಮಾಡಿ ವೋಲ್ಟೇಜ್ ಇಳಿಸೂ ಹಗುರ ಸಪ್ಲೈ) ಸೋವಿ ಬೀಳತೈತಿ. ಇಲ್ಲೇ ಒಬ್ಬ ಹಿರಿಯ ಹ್ಯಾಮ್ ತಾವ ಕಟ್ಟಿದ ಲೀನಿಯರ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಇರೂ ಹಳೆ ನಮೂನಿ ಸಪ್ಲೈ) ಕೊಡ್ತೀನಿ ಅಂದಾರ, ಒಳಗ ವೋಲ್ಟೇಜ್ ಹಿಡಿಯೂ 723 ಐಸಿ, ಕರೆಂಟ್ ಹೊರೂ 2ಎನ್3055 ಟ್ರಾನ್ಸಿಸ್ಟರ್ ಸಾಲಾಗಿ ಅದಾವ, ಭಾಳ ವಜ್ಜಾ ಐತಿ. ಇಲ್ಲಾ ಮನ್ಯಾಗಿನ ಇನ್ವರ್ಟರ್ ಬ್ಯಾಟರಿಗೇ ಹಚ್ಚಲ್ಯಾ? ಇನ್ನೊಂದು, ಗೆಳೆಯನ ಎಸ್‌ಎಮ್‌ಪಿಎಸ್ ತಂದು ಬರೇ ಚಾಲೂ ಮಾಡಿ ನೋಡಿದ್ರ ತಗಡು ಮುಟ್ಟಿದಾಗ ಜುಮ್ ಅಂತೈತಿ, ಟೆಸ್ಟರ್ ಹಚ್ಚಿದ್ರ ದೀಪ ಹತ್ತತೈತಿ. ಸಪ್ಲೈ ಕೆಟ್ಟೈತೇನ್ರಿ?

ಗುಮ್ಮಟದ ಊರವ, ವಿಜಯಪುರ:
ತಮ್ಮಾ, ಯಾವ ಸಪ್ಲೈ ಅನ್ನೋದು ಆಮ್ಯಾಲ ನೋಡೋಣು, ಮೊದಲ ಆ ಜುಮ್ ಅನ್ನೋದನ್ನ ನೋಡು. ಸಪ್ಲೈ ಕೆಟ್ಟಿರ್ಲಿಕ್ಕಿಲ್ಲ, ಆ ತಗಡಿಗೆ ಅರ್ಥಿಂಗ್ ಸಿಗ್ತಿಲ್ಲ ಅಂತನ ಅದರ ಅರ್ಥ. ಎಸ್‌ಎಮ್‌ಪಿಎಸ್ ಒಳಗ ನಾಯ್ಸ್ ಫಿಲ್ಟರ್ ಸಲುವಾಗಿ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ತಗಡಿಗೆ ಕೂಡಿಸಿರ್ತಾರ. ಅರ್ಥ್ ವಾಯರ್ ಸರಿ ಇದ್ರ ಆ ಕರೆಂಟ್ ಭೂಮಿಗೆ ಹೋಗ್ತದ, ಇಲ್ಲಂದ್ರ ತಗಡು 230ರ ಅರ್ಧ, ಅಂದ್ರ 115 ವೋಲ್ಟಿನ ಸುತ್ತಮುತ್ತ ನಿಲ್ತದ. ಕರೆಂಟ್ ಸಣ್ಣದು ಖರೆ, ಆದ್ರ ಒಳಗ ಇನ್ಸುಲೇಶನ್ ಹೋದ ದಿನ ಪೂರಾ 230 ಅದೇ ತಗಡಿನ ಮ್ಯಾಲ ಬರ್ತದ, ಅಲ್ಲಿಂದ ಸೆಟ್ಟಿನ ಬಾಡಿಗೆ, ಕೋಆಕ್ಸ್ (ಆಂಟೆನಾ ಕೇಬಲ್) ಹಿಡ್ಕೊಂಡು ಆಂಟೆನಾ ಕಂಬಕ್ಕ, ನೀನು ಮ್ಯಾಲ ಹತ್ತಿ ಕಂಬ ಹಿಡಿದಿರ್ತಿ.

ನಮ್ಮ ಎರಿ ಮಣ್ಣಿನ ಗುಣಾನೂ ತಿಳ್ಕೋ. ಮಳಿಗಾಲದಾಗ ಅರ್ಥಿಂಗ್ ಛಲೋ ಬರ್ತದ, ಬ್ಯಾಸಗಿ ಬಂತಂದ್ರ ಮಣ್ಣು ಒಣಗಿ ಬಿರುಕ ಬಿಟ್ಟು ರಾಡಿನ ಕೈ ಬಿಡ್ತದ, ಹಂಗಾಗಿ ಮಾರ್ಚ್‌ನಿಂದ ಅರ್ಥಿಂಗ್ ಗುಂಡಿಗೆ ನೀರ ಹಾಕ್ತಿರಬೇಕು. ವಾಯರ್‌ಮನ್ ಕರಿಸಿ ಚೆಕ್ ಮಾಡ್ಸು, ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಕಟ್ ಮಾಡೋ ಸ್ವಿಚ್) ಇಲ್ಲಂದ್ರ ಹಾಕಸು. ಪ್ಲಗ್ಗಿನಾಗ ನ್ಯೂಟ್ರಲ್ಲಿಗೂ ಅರ್ಥಿಗೂ ಲೂಪ್ ಹಾಕಿ ಕೊಡ್ತೀನಿ ಅಂತ ಯಾರರ ಅಂದ್ರ ಒಟ್ಟ ಒಪ್ಪಬ್ಯಾಡ. ನ್ಯೂಟ್ರಲ್ ಎಲ್ಲೆರ ಕಟ್ ಆತಂದ್ರ ಸೆಟ್ಟಿನ ಬಾಡಿ ಫೇಸ್ ಆಗ್ತದ, ಜೀವಕ್ಕ ಅಪಾಯ.

ಟಿಳಕವಾಡಿ ಶ್ಯಾಕ್, ಬೆಳಗಾವಿ:
ಅಣ್ಣಾರು ಹೇಳಿದ್ದು ನೂರಕ್ಕ ನೂರು. ಈಗ ಸಪ್ಲೈ ಮಾತು. 7300 ಸೆಟ್ಟು ಪೂರಾ ಪವರ್‌ನಾಗ 21 ಆಂಪಿಯರ್ ತನಕ ಎಳಿತೈತಿ, ಬರೇ ಕೇಳೂವಾಗ ಒಂದೂಕಾಲು ಆಂಪಿಯರ್ ಒಳಗ. ಡಬ್ಬಿ ಮ್ಯಾಲ 30 ಅಂತ ಬರದಿದ್ದು ಸರ್ಜೋ (ಕ್ಷಣ ಮಾತ್ರ) ಕಂಟಿನ್ಯೂಯಸ್ಸೋ (ಬಿಡದ ಕೊಡೂದು) ಕೇಳ್ರಿ, ಎಸ್‌ಎಸ್‌ಬಿ ಮೋಡ್‌ನಾಗ ಮೈಕ್ ಹಿಡಿದು ಮಾತಾಡೂವಾಗ ಸರಾಸರಿ ಕಡಿಮಿ ಇರತೈತಿ ಆದ್ರ ಎಫ್‌ಟಿ8 (ಕಂಪ್ಯೂಟರ್ ಹಚ್ಚಿ ಕಳಿಸೂ ಡಿಜಿಟಲ್ ಮೋಡ್) ಹಚ್ಚಿದ್ರ ಹದಿಮೂರು ಸೆಕೆಂಡ್ ಹತ್ರ ಬಿಡದ ಫುಲ್ ಲೋಡ್, ಸೋವಿ ಡಬ್ಬಿ ಅಲ್ಲೇ ಕುಸಿತಾವ. ಕಂಟಿನ್ಯೂಯಸ್ 25 ಇರೂದು ತಗೊಳ್ರಿ.

ಇನ್ನ ಲೀನಿಯರ್. ರೇಡಿಯೋದಾಗ ನಾಯ್ಸ್ (ಗುರ್ ಸದ್ದು) ಇಲ್ಲ, ಅದು ದೊಡ್ಡ ಸುಖ. ಆದ್ರ ಅದು ಕೆಟ್ರ ಹೆಂಗ ಕೆಡತೈತಿ ನೋಡ್ರಿ: 18 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಅಂದ್ರ ಫಿಲ್ಟರ್ ಕೆಪಾಸಿಟರ್ ಮ್ಯಾಲ 25 ವೋಲ್ಟ್ ಡಿಸಿ ಕುಂತಿರತೈತಿ, ಒಂದ 2ಎನ್3055 ಶಾರ್ಟ್ ಆತಂದ್ರ ಆ 25 ಸೀದಾ ನಿಮ್ಮ ಸೆಟ್ಟಿಗೆ. ಸೆಟ್ಟು ತಡಿಯೂದು 13.8ರ ಮ್ಯಾಲ ಹದಿನೈದು ಪರ್ಸೆಂಟ್, ಅಂದ್ರ 15.8ರ ತನಕ. ಅದಕ್ಕ ಹಿರಿಯರಿಗೆ ಒಂದ ಮಾತು ಕೇಳ್ರಿ, ಕ್ರೋಬಾರ್ ಐತೇನು ಅಂತ. ವೋಲ್ಟೇಜ್ ಹದಿನೈದು ದಾಟಿದ ಕೂಡ್ಲೆ ಎಸ್‌ಸಿಆರ್ (ಒಮ್ಮೆ ಆನ್ ಆದ್ರ ಹಂಗ ಹಿಡ್ಕೊಳ್ಳೂ ಎಲೆಕ್ಟ್ರಾನಿಕ್ ಸ್ವಿಚ್) ಆನ್ ಆಗಿ ಔಟ್‌ಪುಟ್ಟನ್ನ ಶಾರ್ಟ್ ಮಾಡಿ ಫ್ಯೂಸ್ ಹಾರಿಸೂ ಸರ್ಕ್ಯೂಟ್ ಅದು. ಇದ್ರ ಕಣ್ಣ ಮುಚ್ಚಿ ತಗೊಳ್ರಿ, ಇಲ್ಲಂದ್ರ ಮೊದಲ ಅದನ್ನ ಹಾಕ್ಸಿ ಆಮ್ಯಾಲ ಸೆಟ್ ಹಚ್ರಿ. ಸ್ವಿಚಿಂಗ್ ಟ್ರಾನ್ಸಿಸ್ಟರ್ ಸುಟ್ರ ಎಸ್‌ಎಮ್‌ಪಿಎಸ್ ಸಾಮಾನ್ಯವಾಗಿ ಸತ್ತ ಹೋಗತೈತಿ, ವೋಲ್ಟೇಜ್ ಏರೂದು ಫೀಡ್‌ಬ್ಯಾಕ್ ಕೈ ಕೊಟ್ರ ಅಷ್ಟ. ನಾ ಆದ್ರ ಹ್ಯಾಮ್ ಸೆಟ್ಟಿಗಂತ ಮಾಡಿದ ಎಸ್‌ಎಮ್‌ಪಿಎಸ್ ತಗೋತೀನಿ.

ಗುಮ್ಮಟದ ಊರವ, ವಿಜಯಪುರ:
ಇದನ್ನ ನಾ ಒಪ್ಪಂಗಿಲ್ಲ. ಕ್ರೋಬಾರ್ ಇರೋ ಲೀನಿಯರ್ ಮುಂದ ಅಂಗಡಿ ಎಸ್‌ಎಮ್‌ಪಿಎಸ್ ನಿಲ್ಲಂಗಿಲ್ಲ, 7 ಮೆಗಾಹರ್ಟ್ಸ್‌ದಾಗ ದೂರದ ಸ್ಟೇಶನ್ ಕೇಳಬೇಕಂದ್ರ ಗೊತ್ತಾಗ್ತದ. ಪರೀಕ್ಷಾ ಸರಳ ಅದ ತಮ್ಮಾ: ಸೆಟ್ಟು ಬ್ಯಾಟರಿ ಮ್ಯಾಲ ಇಟ್ಟು 40 ಮೀಟರ್ (ಅದೇ 7 ಮೆಗಾಹರ್ಟ್ಸ್ ಬ್ಯಾಂಡ್) ಕೇಳು, ಆಮ್ಯಾಲ ಬಾಜೂಕ ಎಸ್‌ಎಮ್‌ಪಿಎಸ್ ಚಾಲೂ ಮಾಡು. ಡಯಲ್ ತಿರುಗಿಸಿದಂಗ ಅರವತ್ತು ಎಪ್ಪತ್ತು ಕಿಲೋಹರ್ಟ್ಸಿಗೊಮ್ಮೆ ಗುರ್ ಅಂತ ಬಂದ್ರ ಅದು ಆ ಡಬ್ಬೀದ. 31 ಮಿಕ್ಸ್ ಅನ್ನೋ ನಮೂನಿ ಫೆರೈಟ್ ರಿಂಗಿಗೆ (ನಾಯ್ಸ್ ತಡಿಯೋ ಉಂಗುರ) ಮೇನ್ಸ್ ವಾಯರ್, ಡಿಸಿ ವಾಯರ್ ಎರಡೂ ಏಳೆಂಟು ಸುತ್ತು ಹಾಕಿದ್ರ ಭಾಳಷ್ಟು ಕಡಿಮಿ ಆಗ್ತದ. ಲೀನಿಯರ್‌ಗೆ ಬ್ಯಾಸಗ್ಯಾಗ ಫ್ಯಾನ್ ಬೇಕು, ಫುಲ್ ಲೋಡಿಗೆ ನೂರೈವತ್ತು ವಾಟ್ ಮ್ಯಾಲ ಬರೇ ಶಾಖ ಆಗ್ತದ, ಅದು ಖರೆ.

ನವನಗರ ಹುಡುಗ, ಬಾಗಲಕೋಟಿ:
ಭಾಳ ಉಪಕಾರ್ರಿ. ವಾಯರ್‌ಮನ್‌ಗೆ ಫೋನ್ ಮಾಡೀನಿ. ಬ್ಯಾಟರಿ ಬಗ್ಗೆ ಯಾರೂ ಹೇಳ್ಲಿಲ್ಲ ನೋಡ್ರಿ, ಕರೆಂಟ್ ಹೋದಾಗೂ ನಡಿಬೇಕು ಅಂತ ಆಸೆ. ಬ್ಯಾಟರಿಯಿಂದ ಸೆಟ್ಟಿಗೆ ಎಳ್ಯಾಕ ಮನ್ಯಾಗ ಒಂದೂವರೆ ಎಮ್‌ಎಮ್ ವಾಯರ್ ಐತಿ, ನಡಿತೈತೇನು?

ಘಟಪ್ರಭಾ ದಂಡಿ:
ನಡಿಯಂಗಿಲ್ರಿ. ಎರಡು ಮೀಟರ್ ದೂರ ಅಂದ್ರ ಹೋಗಿ ಬರೂದು ನಾಲ್ಕು ಮೀಟರ್, ಒಂದೂವರೆ ಸ್ಕ್ವೇರ್ ಎಮ್‌ಎಮ್‌ನಾಗ 20 ಆಂಪಿಯರ್ ಹರದ್ರ ಹತ್ತತ್ರ ಒಂದು ವೋಲ್ಟ್ ವಾಯರ್‌ನಾಗ ಹೋಗತೈತಿ, ವಾಯರ್ ಬಿಸಿನೂ ಆಗತೈತಿ. 4 ಸ್ಕ್ವೇರ್ ಎಮ್‌ಎಮ್ ಹಾಕಿದ್ರ 0.4 ವೋಲ್ಟಿನ ಒಳಗ. ಆರು ಸಿಕ್ರ ಇನ್ನೂ ಛಲೋ. ತುದಿಗೆ ಲಗ್ (ತೂತಿರೂ ಲೋಹದ ಕಿವಿ) ಒತ್ತಿ ಕ್ರಿಂಪ್ ಮಾಡಸ್ರಿ, ಎಳಿ ತಿರುವಿ ಸ್ಕ್ರೂ ಕೆಳಗ ಹಾಕಬ್ಯಾಡ್ರಿ, ಅಲ್ಲೇ ಮೊದಲ ಕಾಯೂದು.

ಬ್ಯಾಟರಿಗೆ ಹಚ್ಚಬಹುದು, ಆದ್ರ ಫ್ಯೂಸ್ ಬ್ಯಾಟರಿ ಟರ್ಮಿನಲ್ಲಿಗೆ ಹತ್ತಿಕೊಂಡ ಇರಬೇಕು, ಪ್ಲಸ್ಸಿಗೂ ಮೈನಸ್ಸಿಗೂ. ಸಪ್ಲೈ ಶಾರ್ಟ್ ಆದ್ರ ತಾನ ಬಂದ್ ಆಗತೈತಿ, ಟ್ಯೂಬ್ಯುಲರ್ ಬ್ಯಾಟರಿ ಬಂದ್ ಆಗಂಗಿಲ್ಲ, ನೂರಾರು ಆಂಪಿಯರ್ ಕೊಡಕೋಂತ ಹೋಗತೈತಿ, ಸ್ಪ್ಯಾನರ್ ಅಡ್ಡ ಬಿದ್ರ ಕೆಂಪಗ ಕಾಯತೈತಿ. ಇನ್ವರ್ಟರ್ ಚಾರ್ಜ್ ಮಾಡೂವಾಗ ಮೀಟರ್ ಹಿಡಿದು ನೋಡ್ರಿ, 14.4 ಇದ್ರ ಚಿಂತಿ ಇಲ್ಲ, 15ರ ಮ್ಯಾಲ ಏರಿದ್ರ ಆ ಹೊತ್ತಿಗೆ ಸೆಟ್ ತಗದಿಡ್ರಿ. ಚಾರ್ಜ್ ಆಗೂವಾಗ ಹೈಡ್ರೋಜನ್ ಬರತೈತಿ, ಬ್ಯಾಟರಿ ಇಟ್ಟ ಕೋಲಿ ಕಿಡಕಿ ತಗದಿರಲಿ.

ಟಿಳಕವಾಡಿ ಶ್ಯಾಕ್, ಬೆಳಗಾವಿ:
ಯಾವ ಸಪ್ಲೈ ತಂದ್ರೂ ಸೆಟ್ ಹಚ್ಚೂಕಿಂತ ಮೊದಲ ಕಾರಿನ ಎಚ್4 ಹೆಡ್‌ಲೈಟ್ ಬಲ್ಬ್ ನಾಲ್ಕು ಹಚ್ಚಿ ನೋಡ್ರಿ, ಒಂದಕ್ಕ ಐದು ಆಂಪಿಯರ್ ಹತ್ರ, ನಾಲ್ಕಕ್ಕ 20. ಒಂದೊಂದ ಹಚ್ರಿ, ತಣ್ಣನ ಫಿಲಮೆಂಟ್ ಒಮ್ಮೆಲೆ ಭಾಳ ಎಳಿತೈತಿ. ಕಾಲು ತಾಸು ಬಿಟ್ಟು 13.8 ನಿಂತೈತೋ ಇಲ್ಲೋ ನೋಡ್ರಿ. ಅಂಗಡಿ ಡಬ್ಬೀನ ತಗೊಂಡ್ರ ಬಾಜೂಕಿನ ತೂತಿನಾಗ ಸಣ್ಣ ಸ್ವಿಚ್ ಇರತೈತಿ, 115ರ ಮ್ಯಾಲ ಇದ್ದು 230 ಕೊಟ್ರ ಧಡ್ ಅಂತೈತಿ, ಪ್ಲಗ್ ಹಾಕೂ ಮೊದಲ 230ಕ್ಕ ಸರಸ್ರಿ. ಟರ್ಮಿನಲ್ ಬಾಜೂಕ ಇರೂ ಪ್ರಿಸೆಟ್ (ಸ್ಕ್ರೂಡ್ರೈವರ್‌ಲೆ ತಿರುವೂ ಸಣ್ಣ ಗುಂಡಿ) ತಿರುವಿ 13.8ಕ್ಕ ಏರಿಸಬಹುದು. ಮುಚ್ಚಳ ಮಾತ್ರ ತಗೀಬ್ಯಾಡ್ರಿ, ಒಳಗಿನ ಕೆಪಾಸಿಟರ್ ಮ್ಯಾಲ 320 ವೋಲ್ಟ್ ಡಿಸಿ ಇರತೈತಿ, ಪ್ಲಗ್ ಕಿತ್ತ ಮ್ಯಾಲೂ ಸ್ವಲ್ಪ ಹೊತ್ತು ಹಂಗ ಇರತೈತಿ.

ನವನಗರ ಹುಡುಗ, ಬಾಗಲಕೋಟಿ:
ಹಿರಿಯರಿಗೆ ಕೇಳ್ದೆ, ಕ್ರೋಬಾರ್ ಇಲ್ಲಂತ, ಆದ್ರ ಎಸ್‌ಸಿಆರ್ ಐತಿ, ರವಿವಾರ ಇಬ್ಬರೂ ಕೂಡಿ ಹಾಕೋಣು ಅಂದಾರ. ಅಲ್ಲಿತನಕ ಬ್ಯಾಟರಿ ಮ್ಯಾಲ ಬರೇ ಕೇಳ್ತೀನಿ. ಎಲ್ಲಾರಿಗೂ 73 (ಹ್ಯಾಮ್ ಭಾಷ್ಯಾದಾಗ ಶುಭಾಶಯ).