ಸಹಾಯ ಬೇಕು: ಉಣಕಲ್ ಕೆರೆಯಲ್ಲಿ ಕಯಾಕ್ ರೇಸ್, ರಕ್ಷಣೆಗೆ ಒಂದೇ ದೋಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿಯ ಸಣ್ಣ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಬಳಗ. ಜನವರಿಯಲ್ಲಿ ಉಣಕಲ್ ಕೆರೆಯಲ್ಲಿ ಒಂದು ರೇಸ್ ಮಾಡಬೇಕು ಅಂತಿದ್ದೇವೆ. ಅನುಮತಿಗೆ ಅರ್ಜಿ ಕೊಟ್ಟಾಗಿದೆ. ಲೈಫ್ ಜಾಕೆಟ್ ಇಲ್ಲದವರನ್ನು ನೀರಿಗೆ ಬಿಡುವುದಿಲ್ಲ, ಅದರಲ್ಲಿ ಮಾತೇ ಇಲ್ಲ. ಮಗುಚಿದವರಿಗೆ ಒಣ ಬಟ್ಟೆ, ಕಂಬಳಿ, ಬಿಸಿ ಚಹಾ ದಡದಲ್ಲೇ ಇರುತ್ತವೆ. ನಮ್ಮೂರ ಚಳಿ ಹಿಮ ಬೀಳುವಂಥದ್ದಲ್ಲ, ನಿಜ. ಆದರೂ ಒದ್ದೆ ಮೈಗೆ ಬೆಳಗಿನ ಗಾಳಿ ಹೊಡೆದರೆ ಕೈ ಮರಗಟ್ಟುತ್ತೆ, ಹುಟ್ಟು ಹಿಡಿಯೋಕಾಗಲ್ಲ. ಅದಕ್ಕೇ ಮಂಜು ಪೂರ್ತಿ ಕರಗಿ ಆಚೆ ದಡ ಕಾಣುವವರೆಗೆ ಶುರು ಮಾಡಲ್ಲ.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ: ರಕ್ಷಣೆಗೆ ಇರುವುದು ಒಂದೇ ಮೋಟಾರ್ ದೋಣಿ. ಇನ್ನೊಂದಕ್ಕೆ ಕೇಳದವರಿಲ್ಲ, ಸಿಗಲಿಲ್ಲ. ಎಲ್ಲರನ್ನೂ ಒಟ್ಟಿಗೆ ಬಿಟ್ಟು ಅಭ್ಯಾಸ ಮಾಡಿದಾಗ ಮೊದಲ ತಿರುವಿನಲ್ಲೇ ಹೊಸಬರು ಒಬ್ಬರಿಗೊಬ್ಬರು ಡಿಕ್ಕಿ. ಒಬ್ಬೊಬ್ಬರನ್ನೇ ಬಿಟ್ಟರೆ ಕೆರೆ ತುಂಬ ಚದುರಿಹೋಗುತ್ತಾರೆ, ದೋಣಿ ಯಾರ ಹಿಂದೆ ಓಡಬೇಕು? ದಡದ ಪಕ್ಕ ಸಣ್ಣ ಸುತ್ತು ಹಾಕಿಸೋಣ ಅಂದರೆ ಅಲ್ಲಿ ಅಂತರಗಂಗೆ ಕಳೆ ಜಾಸ್ತಿ, ಹುಟ್ಟಿಗೆ ಸುತ್ತಿಕೊಳ್ಳುತ್ತೆ.

ಇಂಥ ರೇಸ್ ನಡೆಸಿದವರು ಹೇಳಿ: ಒಂದೇ ರಕ್ಷಣಾ ದೋಣಿ ಇದ್ದಾಗ ಸಣ್ಣ ಸಣ್ಣ ಗುಂಪು ಮಾಡಿ ಬಿಡುವುದು ಸರಿನಾ? ಹಾಗಾದರೆ ಒಂದು ಗುಂಪಿಗೆ ಎಷ್ಟು ಜನ, ಮತ್ತು ದೋಣಿ ತಿರುವಿನ ಹತ್ತಿರ ನಿಲ್ಲಬೇಕಾ, ಕೊನೆಯವರ ಹಿಂದೆ ಬರಬೇಕಾ?